ಗಾಡಿ ಮಾತು: ಹೊಗೆ ಬೇರೆ, ಲೀಟರ್ ಲೆಕ್ಕ ಬೇರೆ

ಹುಬ್ಬಳ್ಳಿಯ ಬಸ್ ಡಿಪೋದಲ್ಲಿ 1990ರಿಂದ 2021ರವರೆಗೆ ಮೆಕ್ಯಾನಿಕ್ ಆಗಿದ್ದವನು ನಾನು. ಈ ಅಂಕಣಕ್ಕೆ ಸಾಮಾನ್ಯವಾಗಿ ಬರೋದು ಕ್ಲಚ್ಚು, ಬ್ಯಾಟರಿ, ಮೈಲೇಜಿನ ಪ್ರಶ್ನೆಗಳು. ಹೋದ ಸಂಚಿಕೆಯಲ್ಲಿ ಮಾತಿಗೆ ಮಾತು ಬಂದು ಒಂದು ಸಾಲು ಬರೆದಿದ್ದೆ: ಹೊಗೆ ಬಿಡದ ಗಾಡಿಯೂ ಭೂಮಿಯನ್ನು ಬಿಸಿ ಮಾಡುತ್ತದೆ. ಅಷ್ಟಕ್ಕೇ ಪತ್ರಗಳು ಶುರುವಾದವು. ಕೆಲವರು ಲೆಕ್ಕ ಕೇಳಿದ್ದಾರೆ, ಕೆಲವರು ಬೈದಿದ್ದಾರೆ. ಬೈದವರಿಂದಲೇ ಶುರು ಮಾಡೋಣ.

ನನ್ನ ಡೀಸೆಲ್ ಗೂಡ್ಸ್ ಗಾಡಿಗೆ ಎಮಿಷನ್ ಟೆಸ್ಟ್ ಆಗಿದೆ, ಸರ್ಟಿಫಿಕೇಟ್ ಇದೆ. ಹೊಗೆ ಒಂದು ಚೂರೂ ಇಲ್ಲ. ಮತ್ತೆ ನನ್ನ ಗಾಡಿಯಿಂದ ಭೂಮಿ ಹೇಗೆ ಬಿಸಿಯಾಗುತ್ತದೆ? ಸುಮ್ನೆ ದುಡಿದು ತಿನ್ನೋರ ಮೇಲೆ ಯಾಕ್ರೀ ಕಣ್ಣು?
— ಗಾಡಿ ಮಾಲೀಕರು, ಹಳೇ ಹುಬ್ಬಳ್ಳಿ

ಅಣ್ಣಾವ್ರೆ, ಮೊದಲು ನಿಮಗೆ ಶಹಬ್ಬಾಸ್. ಡೀಸೆಲ್ ಗಾಡಿ ಕಪ್ಪು ಹೊಗೆ ಬಿಡುತ್ತಿಲ್ಲ ಅಂದರೆ ಏರ್ ಫಿಲ್ಟರ್ ಸ್ವಚ್ಛ ಇದೆ, ನಾಜಲ್ ಸರಿ ಇದೆ ಅಂತ ಅರ್ಥ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯ ಮೆಕ್ಯಾನಿಕ್ ಒಬ್ಬರು ಸೈಲೆನ್ಸರ್ ಬಾಯಿಗೆ ಬಿಳಿ ಬಟ್ಟೆ ಹಿಡಿಯುತ್ತಿದ್ದರು. ಬಟ್ಟೆ ಕಪ್ಪಾದರೆ ಬಸ್ಸು ವಾಪಸ್ ಪಿಟ್ಟಿಗೆ. "ಹೊಗಿ ಅಂದ್ರ ಸುಡದ ಡೀಸೆಲ್ಲೋ ತಮ್ಮಾ, ರೊಕ್ಕ ಹಾರಿ ಹೊಂಟೈತಿ" ಅನ್ನುತ್ತಿದ್ದರು. ಅವರ ಮಾತು ಸರಿಯೇ. ಆದರೆ ಅದು ಅರ್ಧ ಕಥೆ.

ಉಳಿದರ್ಧ ಇದು. ಕಪ್ಪು ಹೊಗೆ ಅಂದರೆ ಸರಿಯಾಗಿ ಸುಡದೇ ಹೊರಗೆ ಬಿದ್ದ ಕಾರ್ಬನ್. ಸರಿಯಾಗಿ ಸುಟ್ಟ ಕಾರ್ಬನ್ ಎಲ್ಲಿ ಹೋಯಿತು? ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಯಿತು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಬಿಳಿ ಬಟ್ಟೆಗೂ ಹತ್ತುವುದಿಲ್ಲ. ಎಂಜಿನ್ ಎಷ್ಟು ಚೊಕ್ಕಟವಾಗಿ ಸುಡುತ್ತದೋ ಅಷ್ಟೂ ಕಾರ್ಬನ್ ಈ ಅನಿಲವಾಗಿಯೇ ಹೊರಬೀಳುತ್ತದೆ. ಭೂಮಿಯಿಂದ ಹೊರಗೆ ಹೋಗಬೇಕಾದ ಶಾಖವನ್ನು ತಡೆದು ಬಿಸಿ ಮಾಡುವುದು ಇದೇ ಅನಿಲ.

ಒಂದು ಲೀಟರ್ ಡೀಸೆಲ್ಲಿನ ತೂಕ ಸುಮಾರು 840 ಗ್ರಾಂ. ಅದರಲ್ಲಿ ಸುಮಾರು 730 ಗ್ರಾಂ ಬರೀ ಕಾರ್ಬನ್. ಪ್ರತಿ 12 ಗ್ರಾಂ ಕಾರ್ಬನ್ನಿಗೆ ಗಾಳಿಯಿಂದ 32 ಗ್ರಾಂ ಆಮ್ಲಜನಕ ಬಂದು ಕೂಡಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿ, ಒಂದು ಲೀಟರಿಗೆ 2.68 ಕೆಜಿ ಅನಿಲ. ಪೆಟ್ರೋಲಿಗೆ ಸುಮಾರು 2.3 ಕೆಜಿ. ಟ್ಯಾಂಕಿಗೆ ಹಾಕಿದ್ದಕ್ಕಿಂತ ಮೂರು ಪಟ್ಟು ತೂಕ ಸೈಲೆನ್ಸರಿನಿಂದ ಹೊರಗೆ ಬರುತ್ತದೆ ಅಂತ ಡಿಪೋದಲ್ಲಿ ನಾನು ಹೇಳಿದಾಗ ಯಾರೂ ನಂಬಲಿಲ್ಲ. ನಮ್ಮ ಸ್ಟೋರ್ ಕೀಪರ್ ಅಂತೂ "ಹಂಗಾದ್ರ ಸೈಲೆನ್ಸರಿಗೆ ಒಂದು ತೂಕದ ಕಲ್ಲು ಕಟ್ಟೂಣು" ಅಂತ ನಕ್ಕಿದ್ದರು.

ಈಗ ನಿಮ್ಮ ಸರ್ಟಿಫಿಕೇಟಿಗೆ ಬರೋಣ. ಡೀಸೆಲ್ ಗಾಡಿಗೆ ಆ ಟೆಸ್ಟಿನಲ್ಲಿ ನೋಡುವುದು ಹೊಗೆ ಎಷ್ಟು ದಟ್ಟ ಇದೆ ಅಂತ. ಪೆಟ್ರೋಲ್ ಗಾಡಿಗೆ ಕಾರ್ಬನ್ ಮಾನಾಕ್ಸೈಡ್ ಮತ್ತು ಸುಡದ ಪೆಟ್ರೋಲ್ ಎಷ್ಟಿದೆ ಅಂತ. ಕಾರ್ಬನ್ ಡೈಆಕ್ಸೈಡ್ ಇಷ್ಟೇ ಇರಬೇಕು ಅನ್ನುವ ಮಿತಿ ಅದರಲ್ಲಿ ಇಲ್ಲ. ಟೆಸ್ಟ್ ಬೇಡ ಅಂತಲ್ಲ. ಅದು ನಿಮ್ಮ ಹಿಂದೆ ಬೈಕಿನಲ್ಲಿ ಬರುವವನ ಪುಪ್ಪುಸಕ್ಕೆ ಬೇಕು. (ಗಾಡಿ ನೋಡದೇ, ನಂಬರ್ ಕೇಳಿ ಸರ್ಟಿಫಿಕೇಟ್ ಕೊಟ್ಟಿದ್ದನ್ನೂ ಒಂದು ಕಡೆ ಕಣ್ಣಾರೆ ಕಂಡಿದ್ದೇನೆ. ಅದು ಬೇರೆ ಮಾತು.) 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 ಅನ್ನುವ ಹೊಗೆ ನಿಯಮ ಕೂಡ ಹೀಗೆಯೇ. ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷ ಪಾಲಿನಲ್ಲಿ 50 ಇದ್ದದ್ದು 10ಕ್ಕೆ ಇಳಿಯಿತು. ಸೈಲೆನ್ಸರಿಗೆ ಫಿಲ್ಟರ್ ಬಂತು. ಡ್ರೈವರುಗಳು "ಯೂರಿಯಾ ನೀರು" ಅನ್ನುವ ದ್ರವ ಬಂತು. ಮಸಿ ಕಡಿಮೆಯಾಯಿತು, ನೈಟ್ರೋಜನ್ ಆಕ್ಸೈಡ್ ಕಡಿಮೆಯಾಯಿತು. ಲೀಟರಿಗೆ 2.68 ಕೆಜಿ ಮಾತ್ರ ಹಾಗೇ ಇದೆ. ಯಾವ ಫಿಲ್ಟರೂ ಅದನ್ನು ಹಿಡಿಯುವುದಿಲ್ಲ.

ಮಸಿಯೂ ಬಿಸಿ ಮಾಡುತ್ತದೆ, ಸುಳ್ಳಲ್ಲ. ಆದರೆ ಅದು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರದಲ್ಲಿ ಮಳೆಗೆ, ಧೂಳಿಗೆ ಸೇರಿ ಕೆಳಗೆ ಬೀಳುತ್ತದೆ. ಕಾರ್ಬನ್ ಡೈಆಕ್ಸೈಡಿನ ಒಂದು ಪಾಲು ನೂರಾರು ವರ್ಷ ಮೇಲೆಯೇ ಇರುತ್ತದೆ.

ಹಾಗಾದರೆ ಮೆಕ್ಯಾನಿಕ್ ಕೈಯಲ್ಲಿ ಏನೂ ಇಲ್ಲವಾ? ಇದೆ. ಡಿಪೋದಲ್ಲಿ ಒಂದು ಕೆಎಂಪಿಎಲ್ ಬೋರ್ಡ್ ಇರುತ್ತದೆ. ಯಾವ ಬಸ್ಸು, ಯಾವ ಡ್ರೈವರು, ಲೀಟರಿಗೆ ಎಷ್ಟು ಕಿಲೋಮೀಟರು ಅಂತ ಬರೆಯುವ ಬೋರ್ಡ್. ನಾವೆಲ್ಲ ಅದನ್ನು ರೊಕ್ಕದ ಬೋರ್ಡ್ ಅಂದುಕೊಂಡಿದ್ದೆವು. ದಿನಕ್ಕೆ 300 ಕಿ.ಮೀ. ಓಡುವ ಬಸ್ಸು ಲೀಟರಿಗೆ 5 ಕಿ.ಮೀ. ಕೊಟ್ಟರೆ 60 ಲೀಟರ್, ಅಂದರೆ ಸುಮಾರು 160 ಕೆಜಿ ಅನಿಲ. ಟೈರಿನ ಗಾಳಿ ಸರಿ ಇಟ್ಟು, ಕ್ಲಚ್ ಮೇಲೆ ಕಾಲಿಡದೆ, ನಿಂತಾಗ ಎಂಜಿನ್ ಬಂದ್ ಮಾಡಿ ಅದನ್ನು 5.2ಕ್ಕೆ ತಂದರೆ ದಿನಕ್ಕೆ ಎರಡೂಕಾಲು ಲೀಟರಿಗಿಂತ ಜಾಸ್ತಿ ಉಳಿಯಿತು. ನೂರು ಬಸ್ಸಿನ ಡಿಪೋದಲ್ಲಿ ದಿನಕ್ಕೆ 230 ಲೀಟರ್. ನಿಮ್ಮ ಗೂಡ್ಸ್ ಗಾಡಿಗೂ ಇದೇ ಲೆಕ್ಕ. ಗಾಡಿಯ ಪಾಪ ಪುಣ್ಯ ನೋಡಬೇಕಿದ್ದರೆ ಸರ್ಟಿಫಿಕೇಟ್ ನೋಡಬೇಡಿ, ಬಂಕಿನ ಚೀಟಿ ನೋಡಿ.

ನವನಗರದಿಂದ ಧಾರವಾಡಕ್ಕೆ ಕಾಲೇಜಿಗೆ ಸ್ಕೂಟಿಯಲ್ಲಿ ಹೋಗುತ್ತೇನೆ. ಹುಬ್ಬಳ್ಳಿ ಧಾರವಾಡ ನಡುವೆ ಪ್ರತ್ಯೇಕ ದಾರಿಯಲ್ಲಿ ಓಡುವ ಚಿಗರಿ ಬಸ್ಸೇ ಪರಿಸರಕ್ಕೆ ಒಳ್ಳೇದು ಅಂತ ಮೇಡಂ ಹೇಳುತ್ತಾರೆ. ಆದರೆ ಮಧ್ಯಾಹ್ನ ನೋಡಿದರೆ ಅಷ್ಟು ದೊಡ್ಡ ಎಸಿ ಬಸ್ಸಿನಲ್ಲಿ ಹತ್ತೇ ಜನ ಇರುತ್ತಾರೆ. ನಿಜ ಯಾವುದು?
— ವಿದ್ಯಾರ್ಥಿನಿ, ನವನಗರ

ತಂಗಿ, ನಿನ್ನ ಕಣ್ಣು ಚುರುಕಿದೆ. ಹುಬ್ಬಳ್ಳಿ ಧಾರವಾಡ ಅಂದರೆ 20 ಕಿ.ಮೀ. ಅಂತ ಹಿಡಿದು ಲೆಕ್ಕ ಹಾಕೋಣ. ಸ್ಕೂಟಿ ಲೀಟರಿಗೆ 45 ಕೊಟ್ಟರೆ ಒಂದು ಕೆಜಿ ಅನಿಲ. ಒಬ್ಬರೇ ಕೂತ ಪೆಟ್ರೋಲ್ ಕಾರು ಲೀಟರಿಗೆ 15 ಕೊಟ್ಟರೆ ಮೂರು ಕೆಜಿ. ಎಸಿ ಬಸ್ಸು ಲೀಟರಿಗೆ 3 ಅಂತ ಬಿಗಿಯಾಗಿಯೇ ಹಿಡಿಯೋಣ, ಹೆಚ್ಚೂಕಡಿಮೆ 18 ಕೆಜಿ. ಅರವತ್ತು ಜನ ಇದ್ದರೆ ತಲೆಗೆ 300 ಗ್ರಾಂ. ಹತ್ತೇ ಜನ ಇದ್ದರೆ ತಲೆಗೆ 1.8 ಕೆಜಿ, ನಿನ್ನ ಸ್ಕೂಟಿಗಿಂತ ಜಾಸ್ತಿ! ಹಾಗಾಗಿ ಬಸ್ಸು ಅಂದ ಕೂಡಲೇ ಒಳ್ಳೇದು ಅನ್ನಲು ಬರುವುದಿಲ್ಲ, ತುಂಬಿದ ಬಸ್ಸು ಒಳ್ಳೇದು.

ಆದರೆ ಒಂದು ಸೂಕ್ಷ್ಮ ಇದೆ. ಆ ಮಧ್ಯಾಹ್ನದ ಬಸ್ಸು ನೀನು ಹತ್ತಿದರೂ ಓಡುತ್ತದೆ, ಹತ್ತದಿದ್ದರೂ ಓಡುತ್ತದೆ. ನಿನ್ನೊಬ್ಬಳ ತೂಕಕ್ಕೆ ಅದು ಕುಡಿಯುವ ಡೀಸೆಲ್ ಒಂದು ಚಮಚದ ಮಾತು. ನೀನು ಸ್ಕೂಟಿ ಬಿಟ್ಟರೆ ಉಳಿಯುವುದು ಪೂರಾ ಒಂದು ಕೆಜಿ. ಇನ್ನೊಂದು ಮೆಕ್ಯಾನಿಕ್ ಮಾತು: ಬಸ್ಸಿಗೆ ಖರ್ಚು ಓಡುವುದರಲ್ಲಿ ಕಡಿಮೆ, ನಿಂತು ಎಳೆಯುವುದರಲ್ಲಿ ಜಾಸ್ತಿ. ಹಳೇ ರಸ್ತೆಯಲ್ಲಿ ಹೊಸೂರಿನಿಂದ ಉಣಕಲ್ ದಾಟುವಷ್ಟರಲ್ಲಿ ಎಷ್ಟು ಸಲ ಬ್ರೇಕು, ಎಷ್ಟು ಸಲ ಫಸ್ಟ್ ಗೇರು! ಪ್ರತ್ಯೇಕ ದಾರಿ ಇದ್ದರೆ ಆ ಎಳೆದಾಟ ತಪ್ಪುತ್ತದೆ. ಆ ದಾರಿಯೊಳಗೆ ಕಾರು ನುಗ್ಗಿಸುವವರಿಗೆ ಇದನ್ನು ಯಾರಾದರೂ ಹೇಳಬೇಕು.

ಅದೇ ರಸ್ತೆ ಅಗಲ ಮಾಡುವಾಗ ಕಡಿದ ಮರಗಳ ಲೆಕ್ಕ ಯಾರು ಕೊಡುತ್ತಾರೆ?
— ನಿವೃತ್ತ ಬ್ಯಾಂಕ್ ನೌಕರರು, ಧಾರವಾಡ

ಸರ್, ಸಿಟ್ಟು ನನಗೂ ಇದೆ. ಮೊದಲು ಬಸ್ ಕೆಟ್ಟು ನಿಂತರೆ ಮರದ ಕೆಳಗೆ ಜಾಕ್ ಹಾಕುತ್ತಿದ್ದೆವು. ಈಗ ಅಲ್ಲಿ ಕಬ್ಬಿಣ ಮುಟ್ಟಿದರೆ ಕೈ ಸುಡುತ್ತದೆ. ಆದರೆ ಅನಿಲದ ಲೆಕ್ಕವನ್ನೇ ಕೇಳಿದರೆ, ದೊಡ್ಡ ಮರ ವರ್ಷಕ್ಕೆ ಹೀರುವುದು ಸುಮಾರು 20 ಕೆಜಿ ಅಂತ ಹಿಡಿಯುವ ರೂಢಿ ಇದೆ. ಮರದ ಜಾತಿ, ವಯಸ್ಸು, ನೀರು ನೋಡಿ ಅದು ಹೆಚ್ಚುಕಡಿಮೆ ಆಗುತ್ತದೆ. ದಿನಕ್ಕೆ 30 ಕಿ.ಮೀ.ಯಂತೆ ವರ್ಷಕ್ಕೆ 300 ದಿನ ಓಡುವ ಒಂದು ಬೈಕು, ಲೀಟರಿಗೆ 50 ಕೊಟ್ಟರೂ, 180 ಲೀಟರ್ ಕುಡಿದು 410 ಕೆಜಿ ಬಿಡುತ್ತದೆ. ಒಂದು ಬೈಕಿಗೆ ಇಪ್ಪತ್ತು ಮರ. ಸಸಿ ನೆಟ್ಟು ಬೈಕಿನ ಪಾಪ ತೊಳೆಯೋದು ಆಗದ ಮಾತು. ಮರ ಬೇಕಾಗಿರೋದು ನೆರಳಿಗೆ, ಹಕ್ಕಿಗೆ, ಜಾಕ್ ಹಾಕೋ ಮೆಕ್ಯಾನಿಕ್ಕಿಗೆ. ಅಷ್ಟು ಸಾಲದೇ?

ಎಲೆಕ್ಟ್ರಿಕ್ ಸ್ಕೂಟರ್ ತಗೊಂಡೆ. "ಕಲ್ಲಿದ್ದಲ ಕರೆಂಟಿನಿಂದಲೇ ತಾನೆ ಓಡೋದು?" ಅಂತ ನಮ್ಮ ಮನೆಯವರು ಚುಡಾಯಿಸುತ್ತಾರೆ. ಆದರೆ ನಮ್ಮ ಗದಗಿನಲ್ಲಿ ಗಾಳಿ ವಿದ್ಯುತ್ ಇದೆಯಲ್ಲ?
— ಶಿಕ್ಷಕಿ, ಬೆಟಗೇರಿ

ಅಕ್ಕಾವ್ರೆ, ಮನೆಯವರದ್ದೂ ಪೂರ್ತಿ ತಪ್ಪಲ್ಲ. ಕಪ್ಪತಗುಡ್ಡದ ಕಡೆ ಫ್ಯಾನು ತಿರುಗುತ್ತದೆ ನಿಜ, ಆಷಾಢದ ಗಾಳಿಗಂತೂ ಜೋರು. ಆದರೆ ಆ ಕರೆಂಟು ನೇರ ಬೆಟಗೇರಿಯ ಪ್ಲಗ್ಗಿಗೆ ಬರುವುದಿಲ್ಲ. ದೇಶಕ್ಕೆಲ್ಲ ಒಂದೇ ಗ್ರಿಡ್. ರಾಯಚೂರು, ಬಳ್ಳಾರಿಯ ಕಲ್ಲಿದ್ದಲ ಕರೆಂಟು, ಶರಾವತಿಯ ನೀರಿನ ಕರೆಂಟು, ಪಾವಗಡದ ಬಿಸಿಲಿನ ಕರೆಂಟು ಎಲ್ಲ ಅದರಲ್ಲಿ ಕಲೆತುಹೋಗುತ್ತವೆ. 2025ರಲ್ಲಿ ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲು, ಗ್ಯಾಸ್, ಎಣ್ಣೆಯದ್ದಲ್ಲ ಅಂತ ಪೇಪರಿನಲ್ಲಿ ಓದಿರುತ್ತೀರಿ. ಅದು ಬಸ್ಸಿನ ಸೀಟು ಎಣಿಸಿದ ಹಾಗೆ. ನಿಜವಾಗಿ ಪ್ರಯಾಣ ಮಾಡಿದವರನ್ನು ಎಣಿಸಿದರೆ, ಅಂದರೆ ನಿಜವಾಗಿ ತಯಾರಾದ ಕರೆಂಟು ನೋಡಿದರೆ, ಹತ್ತರಲ್ಲಿ ಏಳು ಪಾಲಿನಷ್ಟು ಕರೆಂಟು ಇನ್ನೂ ಕಲ್ಲಿದ್ದಲದ್ದೇ. ರಾತ್ರಿ ಬಿಸಿಲಿಲ್ಲ ಅಲ್ವಾ?

ಹಾಗಿದ್ದೂ ಗೆದ್ದವರು ನೀವೇ. ಗ್ರಿಡ್ಡಿನ ಒಂದು ಯೂನಿಟ್ಟಿಗೆ ಸರಾಸರಿ ಸುಮಾರು 720 ಗ್ರಾಂ ಅನಿಲ. ಒಂದು ಯೂನಿಟ್ಟಿಗೆ ನಿಮ್ಮ ಸ್ಕೂಟರ್ 30 ಕಿ.ಮೀ. ಓಡಿದರೆ ಕಿಲೋಮೀಟರಿಗೆ 24 ಗ್ರಾಂ. ಪೆಟ್ರೋಲ್ ಸ್ಕೂಟರಿಗೆ 51. ಅರ್ಧಕ್ಕಿಂತ ಕಡಿಮೆ. ಕಾರಣ ಸರಳ: ಪೆಟ್ರೋಲ್ ಎಂಜಿನ್ ತಾನು ಕುಡಿದಿದ್ದರಲ್ಲಿ ಮುಕ್ಕಾಲು ಪಾಲನ್ನು ಬಿಸಿ ಮಾಡಿಯೇ ಕಳೆಯುತ್ತದೆ. ಓಡಿಸಿ ನಿಲ್ಲಿಸಿದ ಬೈಕಿನ ಎಂಜಿನ್ ಮುಟ್ಟಿ ನೋಡಿ, ಆಮೇಲೆ ನಿಮ್ಮ ಮೋಟಾರ್ ಮುಟ್ಟಿ ನೋಡಿ. ಬ್ಯಾಟರಿ ತಯಾರಾಗುವಾಗಲೇ ಒಂದಿಷ್ಟು ಅನಿಲ ಹೋಗಿರುತ್ತದೆ. ದಿನಾ ಓಡಿಸುವವರಿಗೆ ಅದು ತೀರುತ್ತದೆ, ಕವರ್ ಹಾಕಿ ನಿಲ್ಲಿಸುವವರಿಗೆ ಇಲ್ಲ. ರವಿವಾರ ಚಾರ್ಜ್ ಮಾಡುವುದಿದ್ದರೆ ಮಟಮಟ ಮಧ್ಯಾಹ್ನ ಹಾಕಿ. ಆಗ ಗ್ರಿಡ್ಡಿನಲ್ಲಿ ಬಿಸಿಲಿನ ಪಾಲು ಜಾಸ್ತಿ.

ನಮ್ಮ ಗೋವಿನಜೋಳ ಈಗ ಎಥೆನಾಲಿಗೆ ಹೋಗುತ್ತಿದೆ. ಇದು ಸ್ವಚ್ಛ ಇಂಧನ ಅಂತಾರೆ, ಮೈಲೇಜ್ ಬಿತ್ತು ಅಂತಲೂ ಅಂತಾರೆ.
— ರೈತರು, ರಾಣೆಬೆನ್ನೂರು

ಎರಡೂ ನಿಜ. ಬಂಕಿನ ಪೆಟ್ರೋಲಿನಲ್ಲಿ ಈಗ ಶೇ. 20ರವರೆಗೆ ಎಥೆನಾಲ್. ಲೀಟರಿಗೆ ಲೀಟರ್ ಹೋಲಿಸಿದರೆ ಎಥೆನಾಲಿಗೆ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಹಾಗಾಗಿ ಮಿಶ್ರಣದ ಶಕ್ತಿ ನೂರಕ್ಕೆ ಆರೇಳು ಇಳಿಯುತ್ತದೆ. ಮೈಲೇಜ್ ಸ್ವಲ್ಪ ಬೀಳದೇ ಇರುವುದಿಲ್ಲ.

ಸ್ವಚ್ಛ ಅನ್ನುವ ಮಾತಿಗೆ ಆಧಾರ ಇದೆ. ನಿಮ್ಮ ಬೆಳೆ ಗಾಳಿಯಿಂದ ಹೀರಿದ ಕಾರ್ಬನ್ನೇ ಸೈಲೆನ್ಸರಿನಿಂದ ಗಾಳಿಗೆ ವಾಪಸ್ ಹೋಗುತ್ತದೆ, ಪೆಟ್ರೋಲಿನ ಹಾಗೆ ಕೋಟಿ ವರ್ಷ ನೆಲದಡಿ ಇದ್ದದ್ದಲ್ಲ. ಆದರೆ ಹೊಲದ ಖರ್ಚು ಕೂಡಿಸಬೇಕಲ್ಲ! ಟ್ರ್ಯಾಕ್ಟರಿನ ಡೀಸೆಲ್, ಒಕ್ಕುವ ಮಷೀನು, ಲಾರಿ, ಕಾರ್ಖಾನೆಯ ಬಾಯ್ಲರ್. ಇನ್ನೊಂದು ದೊಡ್ಡ ಖರ್ಚು ಯೂರಿಯಾ. ನೀವು ಉಗ್ಗಿದ ಯೂರಿಯಾದಲ್ಲಿ ಒಂದು ಸಣ್ಣ ಪಾಲು ನೈಟ್ರಸ್ ಆಕ್ಸೈಡ್ ಆಗಿ ಹಾರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದರ ಒಂದು ಕೆಜಿ 273 ಕೆಜಿ ಕಾರ್ಬನ್ ಡೈಆಕ್ಸೈಡಿಗೆ ಸಮ. ಒಂದು ಟನ್ ಗೋವಿನಜೋಳಕ್ಕೆ ಸಿಗುವುದು ಸುಮಾರು 370, 380 ಲೀಟರ್ ಎಥೆನಾಲ್. ಉಳಿದ ಹಿಂಡಿ ದನ, ಕೋಳಿಗೆ ಆಗುತ್ತದೆ. ಯೂರಿಯಾ ಬೇಕಾದಷ್ಟೇ ಹಾಕಿ, ಹಸಿ ನೋಡಿ ಮಣ್ಣು ಮುಚ್ಚಿದರೆ ಎಥೆನಾಲಿನ ಲಾಭ ಉಳಿಯುತ್ತದೆ. ಕೈ ಬಿಚ್ಚಿ ಉಗ್ಗಿದರೆ ಲಾಭದ ದೊಡ್ಡ ಪಾಲು ಹೊಲದಲ್ಲೇ ಹಾರಿಹೋಯಿತು ಅಂತ ತಿಳಿಯಿರಿ.

ಧಾರವಾಡದ ಎಮ್ಮೆಯೂ ಅನಿಲ ಬಿಡುತ್ತದಂತೆ, ಹೌದಾ?
— ಹೈನುಗಾರರು, ಕುಂದಗೋಳ

ಹೌದು, ಮೀಥೇನ್. ಹಿಂದಿನಿಂದಲ್ಲ, ಹೆಚ್ಚಿನದು ಬಾಯಿಂದ, ತೇಗಿನಲ್ಲಿ. ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜೋರು, ಆದರೆ ಹತ್ತು ಹನ್ನೆರಡು ವರ್ಷದಲ್ಲಿ ಕರಗುತ್ತದೆ. ಇದಕ್ಕಿಂತ ಜಾಸ್ತಿ ನನ್ನನ್ನು ಕೇಳಬೇಡಿ. ಎಮ್ಮೆಯ ಬಾನೆಟ್ ತೆಗೆದು ನೋಡಿದವನಲ್ಲ ನಾನು.

ಬೆಂಗಳೂರಿಗೆ ಹೋಗಲು ಯಾವುದು ಮೇಲು?
— ಬಟ್ಟೆ ವ್ಯಾಪಾರಿ, ಗದಗ

ರೈಲು. ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಚಕ್ರ, ತಿಕ್ಕಾಟ ತೀರಾ ಕಡಿಮೆ. ನಿಮ್ಮ ಊರಿನ ಮೇಲೆ ಹಾದುಹೋಗುವ ಹೊಸಪೇಟೆ–ಹುಬ್ಬಳ್ಳಿ–ತಿನೈಘಾಟ್ ಮಾರ್ಗದ ವಿದ್ಯುದೀಕರಣ 2023ರ ಮಾರ್ಚಿನಲ್ಲಿ ಲೋಕಾರ್ಪಣೆಯಾಯಿತು. ಅದೇ ಜೂನಿನಲ್ಲಿ ಧಾರವಾಡ–ಬೆಂಗಳೂರು ವಂದೇ ಭಾರತ್ ಬಂತು, ಅದೂ ಕರೆಂಟಿನದ್ದೇ. ವಿಮಾನಕ್ಕೆ ಮೇಲೇರುವಾಗಲೇ ಇಂಧನ ಜಾಸ್ತಿ ಬೇಕು. ಇಷ್ಟು ಹತ್ತಿರದ ದಾರಿಯಲ್ಲಿ ಏರಿದ್ದೇ ತಡ ಇಳಿಯಬೇಕು. ಡಿಪೋದವನಾಗಿ ರೈಲಿನ ಪರ ಬರೆದೆ ಅಂತ ಹಳೇ ಗೆಳೆಯರು ಬೈದರೆ ಬೈಯಲಿ.

ಅಮೆರಿಕದವರು ಅಷ್ಟು ಬಿಟ್ಟು ನಮಗೆ ಬುದ್ಧಿ ಹೇಳುವುದು ಯಾಕೆ? ಜಗತ್ತಿನಲ್ಲಿ ಈಗ ಅನಿಲ ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ?
— ಪಿಯು ವಿದ್ಯಾರ್ಥಿ, ಹಾವೇರಿ

ತಮ್ಮಾ, ಹೆಚ್ಚುತ್ತಿದೆ. ನಾನು ಡಿಪೋಗೆ ಸೇರಿದ 1990ರಲ್ಲಿ ಕಲ್ಲಿದ್ದಲು, ಎಣ್ಣೆ, ಗ್ಯಾಸ್ ಸುಟ್ಟು ಜಗತ್ತು ಬಿಟ್ಟ ಕಾರ್ಬನ್ ಡೈಆಕ್ಸೈಡ್ ವರ್ಷಕ್ಕೆ ಸುಮಾರು 2,270 ಕೋಟಿ ಟನ್. 2024ರಲ್ಲಿ ಸುಮಾರು 3,740 ಕೋಟಿ ಟನ್. ನಡುವೆ ಒಂದೇ ಸಲ ದೊಡ್ಡದಾಗಿ ಇಳಿಯಿತು, 2020ರಲ್ಲಿ. ಆಗ ಬಸ್ಸುಗಳೆಲ್ಲ ಡಿಪೋದಲ್ಲೇ ಸಾಲಾಗಿ ನಿಂತಿದ್ದವು. ಬ್ಯಾಟರಿ ಸಾಯಬಾರದು ಅಂತ ಎರಡು ಮೂರು ದಿನಕ್ಕೊಮ್ಮೆ ಹೋಗಿ ಒಂದೊಂದನ್ನೇ ಸ್ಟಾರ್ಟ್ ಮಾಡಿ ಬರುತ್ತಿದ್ದೆವು. ಆಕಾಶ ನೀಲಿ ಇತ್ತು, ನವಿಲಿನ ಕೂಗು ಕೇಳುತ್ತಿತ್ತು. ಎಲ್ಲ ಸರಿಹೋಯಿತು ಅಂದುಕೊಂಡೆ. ಆದರೆ ಇಳಿದಿದ್ದು ಆ ವರ್ಷದ ಬಿಡುವಿಕೆ, ಅದೂ ನೂರಕ್ಕೆ ಐದರಷ್ಟು. ಗಾಳಿಯಲ್ಲಿ ಸೇರಿಕೊಂಡಿದ್ದು ಇಳಿಯಲೇ ಇಲ್ಲ. ಕಿರಾಣಿ ಅಂಗಡಿಯಲ್ಲಿ ಒಂದು ತಿಂಗಳು ಉದ್ರಿ ಕಡಿಮೆ ತಂದರೆ ಹಳೇ ಬಾಕಿ ಹೋಗುತ್ತದಾ? 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಅನ್ನುವ ವಿಜ್ಞಾನಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲ 315 ಪಾಲು ಇತ್ತು. ಕಾರ್ಖಾನೆಗಳ ಕಾಲಕ್ಕೆ ಮೊದಲು 280. 2024ರಲ್ಲಿ 424.

ನಿನ್ನ ಸಿಟ್ಟಿಗೂ ಲೆಕ್ಕ ಇದೆ. ತಲೆಗೆ ನೋಡಿದರೆ ಅಮೆರಿಕದವನದ್ದು ವರ್ಷಕ್ಕೆ ಸುಮಾರು 14 ಟನ್, ನಮ್ಮದು ಸುಮಾರು 2. ಒಟ್ಟು ನೋಡಿದರೆ ಚೀನಾ, ಅಮೆರಿಕ ಬಿಟ್ಟರೆ ನಾವೇ. ಎರಡೂ ನಿಜ, ಯಾವುದನ್ನು ಹೇಳಬೇಕು ಅನ್ನುವುದು ಹೇಳುವವನ ಅನುಕೂಲ. ನನಗೆ ಕುತೂಹಲ ಬೇರೆ ಕಡೆ. ಯುರೋಪು, ಅಮೆರಿಕ ಕಲ್ಲಿದ್ದಲ ಸ್ಥಾವರ ಮುಚ್ಚಿ ವಿದ್ಯುತ್ತಿನ ಅನಿಲ ಇಳಿಸಿದವು. ಗಾಡಿಗಳದ್ದು ಮಾತ್ರ ಬಗ್ಗಲಿಲ್ಲ. ಯುರೋಪಿನಲ್ಲಿ ಸಾರಿಗೆಯ ಅನಿಲ ಇವತ್ತಿಗೂ 1990ಕ್ಕಿಂತ ಜಾಸ್ತಿ. ಅಮೆರಿಕದಲ್ಲಿ ಹಸಿರುಮನೆ ಅನಿಲದ (ಭೂಮಿಯನ್ನು ಬಿಸಿ ಮಾಡುವ ಅನಿಲಗಳ) ಮೊದಲನೇ ಮೂಲವೇ ಸಾರಿಗೆ, ಕಾಲು ಪಾಲಿಗೂ ಜಾಸ್ತಿ. ಒಂದು ಸ್ಥಾವರ ಅಂದರೆ ಒಂದು ಚಿಮಣಿ, ಮುಚ್ಚಬಹುದು. ಗಾಡಿ ಅಂದರೆ ಕೋಟಿ ಕೋಟಿ ಸೈಲೆನ್ಸರು, ಒಂದೊಂದಕ್ಕೂ ಒಬ್ಬೊಬ್ಬ ಮಾಲೀಕ. ನಮ್ಮ ದೇಶದಲ್ಲಿ 1951ರಲ್ಲಿ ನೋಂದಣಿಯಾದ ಗಾಡಿಗಳು ಸುಮಾರು 3 ಲಕ್ಷ. 2020ರ ಹೊತ್ತಿಗೆ 32 ಕೋಟಿ ದಾಟಿದ್ದವು, ನಾಲ್ಕರಲ್ಲಿ ಮೂರು ಬೈಕು, ಸ್ಕೂಟರು. 2070ಕ್ಕೆ ನಿವ್ವಳ ಸೊನ್ನೆ, ಅಂದರೆ ಬಿಟ್ಟಷ್ಟು ಅನಿಲವನ್ನು ವಾಪಸ್ ಹೀರಿಸಿ ಲೆಕ್ಕ ಸರಿ ಮಾಡುತ್ತೇವೆ ಅಂತ ದೇಶ 2021ರಲ್ಲಿ ಗ್ಲಾಸ್ಗೋದಲ್ಲಿ ಮಾತು ಕೊಟ್ಟಿದೆ. ಆಗ ನಿನಗೆ ಅರವತ್ತು ದಾಟಿರುತ್ತದೆ. ಕೆಎಂಪಿಎಲ್ ಬೋರ್ಡ್ ನೋಡೋಕೆ ನಾನಂತೂ ಇರೋದಿಲ್ಲ.

ಇಷ್ಟೆಲ್ಲ ಬರೆಯುವ ನೀವು ಯಾವ ಗಾಡಿ ಇಟ್ಟಿದ್ದೀರಿ?
— ಹೆಸರು ಬರೆಯದವರು, ಹುಬ್ಬಳ್ಳಿ

ಸಿಕ್ಕಿಬಿದ್ದೆ. 1998ರ ಎರಡು ಸ್ಟ್ರೋಕಿನ ಸ್ಕೂಟರ್ ನನ್ನದು. ಆರ್‌ಸಿ ಮೂರು ಸಲ ರಿನ್ಯೂವಲ್ ಮಾಡಿಸಿದ್ದೇನೆ. ಪೆಟ್ರೋಲಿನ ಜೊತೆ ಆಯಿಲ್ ಸುಡುವ ಗಾಡಿ, ನೀಲಿ ಹೊಗೆ ಬಿಡುತ್ತದೆ, ಓಣಿಗೆಲ್ಲ ವಾಸನೆ. ವಾರಕ್ಕೊಮ್ಮೆ ದುರ್ಗದಬೈಲಿಗೆ ತರಕಾರಿಗೆ ಹೋಗಿ ಬರುತ್ತೇನೆ, ತಿಂಗಳಿಗೆ ಎರಡು ಲೀಟರ್. ಪಕ್ಕದಲ್ಲಿ ಮಗನ ಕಾರು ನಿಲ್ಲುತ್ತದೆ. ಬಿಎಸ್ 6, ಹೊಗೆ ಇಲ್ಲ, ಶಬ್ದ ಇಲ್ಲ, ತಿಂಗಳಿಗೆ 90 ಲೀಟರ್. ನಾನು ಕಿಕ್ ಹೊಡೆದ ಕೂಡಲೇ ಮೊಮ್ಮಗಳು ಮೂಗು ಮುಚ್ಚಿಕೊಂಡು ಓಡಿಹೋಗಿ ಅಪ್ಪನ ಕಾರಿನಲ್ಲಿ ಕೂತು ಗಾಜು ಏರಿಸುತ್ತಾಳೆ. ಅವಳ ಮೂಗಿನ ತಪ್ಪೇನೂ ಇಲ್ಲ ಬಿಡಿ.

ಕ್ಲಚ್ ಪ್ಲೇಟಿನ ಪತ್ರಗಳಿಗೆ ಮುಂದಿನ ತಿಂಗಳು ಉತ್ತರ.